ಮಂಗಳವಾರ ಹಾಡು, ಭಾನುವಾರ ಹರಟೆ: ನನ್ನ ಓಟದ ಅನುಭವ

ಹಾಫ್ ಮ್ಯಾರಥಾನ್, ಅಂದರೆ 21 ಕಿ.ಮೀ. ಓಟ, ಎರಡು ಗಂಟೆಯೊಳಗೆ ಮುಗಿಸುತ್ತೇನೆ ಅಂದಾಗ ನಮ್ಮ ಗುಂಪಿನ ಮೇಷ್ಟ್ರು ನಕ್ಕಿದ್ದರು. "ಹರಟೆ ಹೊಡ್ಕೊಂಡು ಓಡೋನಿಗೆ ಟೈಮಿಂಗ್ ಎಂತಕ್ಕೆ ಮಾರಾಯ, ತಿಂಡಿಗೆ ಲೇಟಾಗದಿದ್ರೆ ಸಾಕು" ಅಂತ. ಕಳೆದ ಸಲ ಬೆಂಗಳೂರಿನಲ್ಲಿ 1 ಗಂಟೆ 52 ನಿಮಿಷ ಚಿಲ್ಲರೆಗೆ ಮುಗಿಸಿದೆ. ಮೊದಲ ಹಾಫ್ ಓಡಿದ್ದು 2 ಗಂಟೆ 18 ನಿಮಿಷಕ್ಕೆ, ಅದರಲ್ಲೂ ಕೊನೆಯ ನಾಲ್ಕು ಕಿ.ಮೀ. ಮುಕ್ಕಾಲು ಪಾಲು ನಡೆದೇ ಬಂದಿದ್ದೆ. ನನಗೆ ಈಗ 43. ಸ್ವಲ್ಪ ಜಂಬ ಕೊಚ್ಚಿಕೊಂಡರೆ ಸಹಿಸಿಕೊಳ್ಳಿ.

ಮೊದಲ ಎರಡು ವರ್ಷ ಒಬ್ಬನೇ ಓಡುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು, ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿಯುವುದು. ಮೊದಲ ಹಾಡಿಗೇ ಕಾಲಿಗೆ ಹುಚ್ಚು. ಮೊದಲ ಮೂರು ಕಿ.ಮೀ. ಐದೂವರೆ ನಿಮಿಷಕ್ಕೊಂದರಂತೆ ಹೋಗುತ್ತಿತ್ತು, ಎಂಟನೇ ಕಿ.ಮೀ. ಹೊತ್ತಿಗೆ ಏಳೂವರೆಗೆ ಇಳಿಯುತ್ತಿತ್ತು. ಹಾಡು ಚೆನ್ನಾಗಿದ್ದಷ್ಟೂ ಹೊಡೆತ ಜಾಸ್ತಿ, ಯಾಕೆಂದರೆ ಉಸಿರು ಏರಿದ್ದು ನಮ್ಮ ಕಿವಿಗೇ ಬೀಳುವುದಿಲ್ಲ. ಹೀಗೇ ಮಾಡಿ ಒಮ್ಮೆ ಮೀನಖಂಡ ಹಿಡಿದುಕೊಂಡು ಮೂರು ವಾರ ಮನೆಯಲ್ಲಿ ಕೂತೆ.

ಇನ್ನೊಂದು ದಿನ ದಟ್ಟ ಮಂಜು. ಹಿಂದಿನಿಂದ ಬಂದ ಬಸ್ಸಿನ ಹಾರನ್ ಕೇಳಲೇ ಇಲ್ಲ. ಗಾಳಿ ಬೆನ್ನಿಗೆ ಬಡಿದಾಗಲೇ ಗೊತ್ತಾಗಿದ್ದು, ಚರಂಡಿಗೆ ಹಾರಿಕೊಂಡೆ. ಡ್ರೈವರ್ ಬಸ್ಸು ನಿಲ್ಲಿಸಿ, ಕಿಟಕಿಯಿಂದ ತಲೆ ಹಾಕಿ, "ಕಿವಿಗೆ ಎಂತ ಇಟ್ಕೊಂಡಿದ್ದೀರಿ, ಹೂವಾ?" ಅಂತ ಕೇಳಿದ. ಮೊಣಕಾಲು ತರಚಿತ್ತು, ಆದರೂ ನಗು ಬಂತು.

ಇಯರ್‌ಫೋನಿಗೆ ಸುರಿದ ದುಡ್ಡಿನ ಕಥೆ ಬೇರೆ. ವೈರಿನದು 350, ಬೆವರಿಗೇ ಹೋಯಿತು. ಆಮೇಲೆ 1500ರ ಬ್ಲೂಟೂತ್, ಅದನ್ನು ಆರಿದ್ರಾ ಮಳೆ ತಿಂದಿತು. ಮೂರನೆಯದು 2800. ವಾಟರ್‌ಪ್ರೂಫ್ ಅಂತ ಡಬ್ಬದ ಮೇಲೆ ಬರೆದಿತ್ತು, ಪುಷ್ಯ ಮಳೆಗೆ ಓದಲು ಬರುವುದಿಲ್ಲವಲ್ಲ. ಉಳಿದ ಒಂದು ಕಿವಿಯದು ಕಾಲುವೆ ಏರಿಯ ಮೇಲೆ ಓಡುವಾಗ ನೀರಿಗೆ ಬಿತ್ತು. ಕೊನೆಗೆ ಕಿವಿಯ ಮುಂದಿನ ಮೂಳೆ ಮೇಲೆ ಕೂರುವಂಥ ಹೆಡ್‌ಫೋನ್ ತಗೊಂಡೆ, 6500 ಇರಬೇಕು. ಕಿವಿ ತೆರೆದೇ ಇರುತ್ತದೆ, ಬಸ್ಸೂ ಕೇಳುತ್ತದೆ, ನಾಯಿಯೂ ಕೇಳುತ್ತದೆ. ಹೆಂಡತಿಗೆ ಹೇಳಿದ ರೇಟು ಬೇರೆ, ಅದು ಇಲ್ಲಿ ಬೇಡ. ಫೋನಿಗೆ ಮಾತ್ರ ಇವತ್ತಿಗೂ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟೇ ರೇನ್‌ಕೋಟು.

ಮೀನಖಂಡ ಸರಿಯಾದ ಮೇಲೆ ಗೆಳೆಯರ ಜೊತೆ ಸೇರಿದೆ. ನಾಲ್ಕು ಜನ: ಮೇಷ್ಟ್ರು, ಅಡಿಕೆ ತೋಟದವನು, ಬ್ಯಾಂಕಿನವನು, ನಾನು. ಇದೂ ಸುಲಭಕ್ಕೆ ಸರಿಹೋಗಲಿಲ್ಲ. ಬ್ಯಾಂಕಿನವನದು ಒಂದು ಚಾಳಿ, ಯಾವಾಗಲೂ ಪಕ್ಕದವರಿಗಿಂತ ಅರ್ಧ ಹೆಜ್ಜೆ ಮುಂದೆ. ನೀವು ಸರಿಸಮ ಬಂದರೆ ಮತ್ತೆ ಅರ್ಧ ಹೆಜ್ಜೆ. ನಾಲ್ಕೂ ಜನ ಬಾಯಿ ಮುಚ್ಚಿಕೊಂಡು, ನಾವು ರೇಸ್ ಮಾಡುತ್ತಿಲ್ಲ ಅನ್ನುವ ಮುಖ ಮಾಡಿಕೊಂಡು, ಪ್ರಾಣ ಹೋಗುವ ಹಾಗೆ ಓಡುತ್ತಿದ್ದೆವು. ಹಾಡು ಮಾಡುತ್ತಿದ್ದ ಅನಾಹುತವನ್ನೇ ಗೆಳೆಯರೂ ಮಾಡಿದರು, ಅಷ್ಟೇ.

ಆಗ ನಾನು ಒಂದು ದಂಡ ತಂದೆ. ಭಾನುವಾರ ಗಾಜನೂರು ಡ್ಯಾಂ ತನಕ, ನಮ್ಮ ಲೆಕ್ಕದಲ್ಲಿ 13 ಕಿ.ಮೀ. ಹತ್ತಿರ. ದಾರಿಯುದ್ದಕ್ಕೂ ಯಾರಾದರೂ ಒಬ್ಬರು ಕಥೆ ಹೇಳುತ್ತಲೇ ಇರಬೇಕು. ಹೇಳುವವನ ಮಾತು ಉಸಿರಿಗೆ ತುಂಡಾಯಿತು ಅಂದರೆ ಆಗ ಮುಂದಿರುವವನು ತಪ್ಪಿತಸ್ಥ, ನಾಲ್ಕೂ ಜನರ ತಿಂಡಿ ಬಿಲ್ ಅವನದು. ಕಡುಬು, ಬನ್ಸು, ಕಾಫಿ ಸೇರಿ 350-400 ಆಗುತ್ತದೆ. ಮೊದಲ ಐದು ಭಾನುವಾರದಲ್ಲಿ ನಾಲ್ಕು ಸಲ ಬ್ಯಾಂಕಿನವನೇ ಕೊಟ್ಟ. ಆರನೇ ವಾರ ಕಾಲು ತಾನಾಗೇ ಹಿಂದೆ ಬಂತು. ಏಳು ನಿಮಿಷಕ್ಕೊಂದು ಕಿ.ಮೀ., ಕೆಲವೊಮ್ಮೆ ಏಳೂಕಾಲು. ಅವಮಾನ ಅನ್ನಿಸುವಷ್ಟು ನಿಧಾನ. ಆದರೆ ಸೋಮವಾರ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವ ಕೆಲಸ ತಪ್ಪಿತು, ಮಂಗಳವಾರಕ್ಕೆ ಕಾಲು ಹೊಸದಾಗಿರುತ್ತಿತ್ತು.

ಕಥೆಯಲ್ಲೂ ಎಚ್ಚರ ಬೇಕು. ಅಡಿಕೆಯ ಕೊಳೆ ರೋಗ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಗದ ಗೋಳು, ಇವೆಲ್ಲ ಒಳ್ಳೆ ನಿಧಾನದ ವಿಷಯಗಳು. ರಾಶಿ ಅಡಿಕೆ ರೇಟಿನ ಸುದ್ದಿ ಬಂತೋ, ತೋಟದವನು ಕೈ ಬೀಸಿಕೊಂಡು ಆರು ನಿಮಿಷದ ವೇಗಕ್ಕೆ ಹೋಗಿಬಿಡುತ್ತಾನೆ. ಅದಕ್ಕೇ ಮೊದಲ ಹತ್ತು ಕಿ.ಮೀ. ಮಂಡಿ ರೇಟು ಮಾತಾಡುವ ಹಾಗಿಲ್ಲ ಅಂತ ಕಾನೂನು ಮಾಡಿದ್ದೇವೆ. ವಾಪಸ್ ಬರುವುದು ಬಸ್ಸಿನಲ್ಲಿ. ಮಳೆಗಾಲದಲ್ಲಿ ತೊಟ್ಟಿಕ್ಕುವ ನಾಲ್ಕು ಜನರನ್ನು ಕಂಡಕ್ಟರ್ ಸೀಟಿಗೆ ಬಿಡುವುದಿಲ್ಲ, ಹಿಂದಿನ ಬಾಗಿಲ ಹತ್ತಿರ ನಿಂತೇ ಬರಬೇಕು.

ಹಾಡಿಗೆ ಉಳಿದದ್ದು ಮಂಗಳವಾರ ಒಂದೇ. ಸ್ಟೇಡಿಯಂನಲ್ಲಿ ಒಬ್ಬನೇ, ಒಂದೇ ಸಮನೆ 35-40 ನಿಮಿಷ, ಸುಮಾರು ಐದೂಕಾಲು ನಿಮಿಷದ ವೇಗ. ಇದಕ್ಕಿಂತ ಜೋರಿನ ಓಟಕ್ಕೆ ಹಾಡು ವ್ಯರ್ಥ. ಎರಡು ಸುತ್ತು ಜೀವ ಬಿಟ್ಟು ಓಡುವಾಗ ಹಾಡು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ನನ್ನ ಹೆಜ್ಜೆ ನಿಮಿಷಕ್ಕೆ 170ರ ಆಸುಪಾಸು, ಆ ಬಡಿತದ ಹಾಡು ಹುಡುಕಬೇಕು. ಸಿಗದಿದ್ದರೆ 85ರದ್ದೂ ಆಗುತ್ತದೆ, ತಾಳಕ್ಕೆ ಎರಡು ಹೆಜ್ಜೆ. ಒಂಬತ್ತು ಹಾಡಿನ ಪಟ್ಟಿ, ಕ್ರಮ ಬದಲಾಗುವಂತಿಲ್ಲ. ಯಾವ ಹಾಡು ಅಂತ ಮೇಷ್ಟ್ರು ಮೂರು ಸಲ ಕೇಳಿದರು, ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಯಕ್ಷಗಾನದ ಯುದ್ಧದ ಸನ್ನಿವೇಶ ಹಾಕಿಕೊಂಡು ಓಡಿದೆ. ಚೆಂಡೆ ಏರುತ್ತಾ ಹೋಗುತ್ತದೆ, ನಾವೂ ಏರುತ್ತೇವೆ, ಅವರಿಗೆ ಪ್ರಸಂಗ ಮುಗಿಯುತ್ತದೆ, ನಮಗೆ ಇನ್ನೂ ಆರು ಸುತ್ತು ಬಾಕಿ. ಭದ್ರಾವತಿ ಆಕಾಶವಾಣಿ ಹಾಕಿ ನೋಡಿದೆ. ಬೆಳಗಿನ ಭಕ್ತಿಗೀತೆಗೆ ನಿಧಾನದ ಓಟ ಬಹಳ ಚೆನ್ನ, ವಾರ್ತೆ ಬಂದಾಗ ಮಾತ್ರ ಕಾಲು ಗೊಂದಲಕ್ಕೆ ಬೀಳುತ್ತದೆ. ಹಾಡೂ ಇಲ್ಲದೆ ಜನವೂ ಇಲ್ಲದೆ ಒಂದು ತಿಂಗಳು ಓಡಿದೆ. ಅದೇ ಎಲ್ಲಕ್ಕಿಂತ ಕಷ್ಟ. ಗುರುವಾರಕ್ಕೆ ಈಗಲೂ ಅದನ್ನೇ ಇಟ್ಟುಕೊಂಡಿದ್ದೇನೆ.

ಮೇಷ್ಟ್ರ ವಾದ, ದೊಡ್ಡ ಓಟಗಾರರು ಯಾರೂ ಹಾಡು ನಂಬಿಕೊಂಡು ಓಡುವುದಿಲ್ಲ ಅಂತ. 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಥಿಯೋಪಿಯಾದ ಹೈಲೆ ಗೆಬ್ರ್‌ಸೆಲಾಸಿ ಒಳಾಂಗಣ 2000 ಮೀಟರ್ ದಾಖಲೆ ಮುರಿದಾಗ ಮೈದಾನದ ಸ್ಪೀಕರಿನಲ್ಲಿ ಅವರಿಷ್ಟದ ಹಾಡೇ ಮೊಳಗುತ್ತಿತ್ತು ಅಂದೆ. ಮೇಷ್ಟ್ರು ಬಿಡುತ್ತಾರಾ? 2019ರಲ್ಲಿ ವಿಯೆನ್ನಾದಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಎರಡು ಗಂಟೆಯೊಳಗೆ 42 ಕಿ.ಮೀ. ಓಡಿದ್ದು 41 ಜನ ಜೊತೆಗಾರರು ಸರದಿಯಲ್ಲಿ ಗಾಳಿಗೆ ಅಡ್ಡ ನಿಂತಿದ್ದಕ್ಕೆ ಅಂದರು. ಇಬ್ಬರದೂ ನಿಜವೇ. ಆ ಜಗಳದಲ್ಲಿ ಮಾತು ತುಂಡಾಗಿ ಮೇಷ್ಟ್ರ ಜೇಬಿನಿಂದ 380 ಹೋಯಿತು.

ಬೆಂಗಳೂರಿನ ರೇಸಿನ ದಿನ 15 ಕಿ.ಮೀ. ತನಕ ಕಿವಿ ಖಾಲಿ. ಶುರುವಿನಲ್ಲಿ ಎಲ್ಲರೂ ಮುಂದೆ ನುಗ್ಗುತ್ತಿದ್ದರೆ ನಾನು ಪಕ್ಕದಲ್ಲಿದ್ದ ಹಾಸನದವರೊಬ್ಬರ ಜೊತೆ ಮಾತು ತೆಗೆದೆ. ಅವರಿಗೆ ಕಿರಿಕಿರಿಯಾಗಿರಬೇಕು, ನನಗಂತೂ ಉಸಿರಿನ ಲೆಕ್ಕ ಸಿಕ್ಕಿತು. ನಾಲ್ಕನೇ ಕಿ.ಮೀ.ಯಿಂದ ಮೆಲ್ಲಗೆ ಏರಿಸಿದೆ. 15ರ ಬೋರ್ಡು ದಾಟಿದ ಮೇಲೆ ಹೆಡ್‌ಫೋನ್ ಒತ್ತಿ, ಮಂಗಳವಾರದ ಪಟ್ಟಿಯ ಐದನೇ ಹಾಡಿನಿಂದ ಶುರು ಮಾಡಿದೆ. ವಾರಕ್ಕೊಮ್ಮೆ ಮಾತ್ರ ಕೇಳಿದ ಹಾಡು, ಕಾಲಿಗೆ ಅದರ ಅರ್ಥ ಗೊತ್ತಿತ್ತು. 18ರ ಹತ್ತಿರ ಮಾಡಿದ ಇನ್ನೊಂದು ಕೆಲಸ ಇದೆ, ಅದನ್ನು ಮುಂದಿನ ರೇಸ್ ಆದ ಮೇಲೆ ಹೇಳುತ್ತೇನೆ.

ಮೇಷ್ಟ್ರಿಗೆ ಫೋಟೋ ಕಳಿಸಿದೆ, ಕೊರಳಿಗೆ ಮೆಡಲ್ಲು, ಹಿಂದೆ ಗಡಿಯಾರ. "ಗಡಿಯಾರ ಸರಿ ಇತ್ತಾ?" ಅಂತ ಉತ್ತರ ಬಂತು. ಮುಂದಿನ ಭಾನುವಾರ ಆ ಸಂತೋಷದಲ್ಲಿ ನಾನೇ ಅರ್ಧ ಹೆಜ್ಜೆ ಮುಂದೆ ಹೋದೆನಂತೆ. ಬಿಲ್ 410 ಬಂತು, ಬ್ಯಾಂಕಿನವನು ಎರಡು ಬನ್ಸು ಜಾಸ್ತಿ ತಿಂದಿದ್ದ.