ಟೆಕ್ಸಾಸಲ್ಲಿ ಮೊದಲ ರೈಫಲ್: .22 ತಗೊಳ್ಳಿ, ಆದ್ರೆ ಆಗಸ್ಟ್ 31 ಮರೀಬೇಡಿ

ಡಲ್ಲಾಸ್, ಆಸ್ಟಿನ್ ಕಡೆ ಹೊಸದಾಗಿ ಬಂದಿರೋ ನಮ್ಮ ಹುಡುಗರು ಒಂದ್ಸಲ ಶೂಟಿಂಗ್ ರೇಂಜಿಗೆ ಹೋಗಿಬಂದ್ರೆ ಸಾಕು, ಮಾರನೇ ವಾರವೇ .308 ಅನ್ನೋ ದೊಡ್ಡ ಗುಂಡಿನ ರೈಫಲ್ ತಗೋತೀನಿ ಅಂತ ಫೋನ್ ಮಾಡ್ತಾರೆ. ಕೊಡಗು ಮಲೆನಾಡಿನೋರಾದ್ರೆ ಮನೇಲಿ ಜೋಡು ನಳಿಗೆ ಕೋವಿ ನೋಡ್ಕೊಂಡೇ ಬೆಳೆದಿರ್ತಾರೆ, ಗುಂಡು ಹಾರಿದಾಗ ಭುಜಕ್ಕೆ ಬೀಳೋ ಒದೆತ ಏನ್ ಮಹಾ ಅನ್ನೋ ಧೈರ್ಯ. ಕೈಲ್‌ಪೋಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ನಾಲ್ಕು ಈಡು ಹೊಡೆಯೋದು ಬೇರೆ, ಇಲ್ಲಿ ಒಂದೇ ಮಧ್ಯಾಹ್ನ ನೂರು ಗುಂಡು ಹೊಡೆಯೋದು ಬೇರೆ ಕಣ್ರೀ. ಇಪ್ಪತ್ತನೇ ಗುಂಡಿಗೆ ಭುಜ ನೋಯೋಕೆ ಶುರು, ಆಮೇಲೆ ಟ್ರಿಗರ್ ಎಳೆಯೋಕೆ ಮುಂಚೆನೇ ಕಣ್ಣು ಮುಚ್ಕೊಳ್ಳುತ್ತೆ, ಆ ಅಭ್ಯಾಸ ಒಂದ್ಸಲ ಹತ್ತಿದ್ರೆ ಬಿಡಿಸೋದು ಬಹಳ ಕಷ್ಟ.

ಕ್ಯಾಲಿಬರ್, ಅಂದ್ರೆ ಯಾವ ಅಳತೆಯ ಗುಂಡು ಅನ್ನೋ ಮಾತು ಆಮೇಲೆ ಹೇಳ್ತೀನಿ, ಮೊದಲು ಇದನ್ನ ಓದಿ. ಎಚ್-1ಬಿ, ಎಚ್-4, ಎಲ್-1, ಎಫ್-1 ಇವೆಲ್ಲ ನಾನ್‌ಇಮಿಗ್ರಂಟ್ ವೀಸಾ, ಅಂದ್ರೆ ತಾತ್ಕಾಲಿಕವಾಗಿ ಬಂದೋರದು. ಈ ವೀಸಾದಲ್ಲಿ ಇರೋರು ಬಂದೂಕಾಗಲೀ ಗುಂಡಾಗಲೀ ಇಟ್ಕೊಳ್ಳೋದೇ ಫೆಡರಲ್ ಕಾನೂನಲ್ಲಿ ಅಪರಾಧ. ಐ-140 (ಗ್ರೀನ್‌ಕಾರ್ಡಿಗೆ ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗಿದೆ, ಇಷ್ಟು ವರ್ಷದಿಂದ ಟ್ಯಾಕ್ಸ್ ಕಟ್ತಿದೀನಿ, ಮನೆ ತಗೊಂಡಿದೀನಿ, ಯಾವುದೂ ಲೆಕ್ಕಕ್ಕಿಲ್ಲ, ಗ್ರೀನ್‌ಕಾರ್ಡ್ ಕೈಗೆ ಬರೋವರೆಗೂ ನೀವು ಈ ಪಟ್ಟಿಯಲ್ಲೇ. ಇದಕ್ಕಿರೋ ವಿನಾಯಿತಿಗಳಲ್ಲಿ ನಮ್ಮಂಥೋರಿಗೆ ಉಪಯೋಗ ಆಗೋದು ಒಂದೇ, ಅಮೆರಿಕದ ಯಾವುದಾದ್ರೂ ರಾಜ್ಯ ಕೊಟ್ಟಿರೋ ಹಂಟಿಂಗ್ ಲೈಸೆನ್ಸ್, ಅಂದ್ರೆ ಬೇಟೆ ಪರವಾನಗಿ. ಅಂಗಡೀಲಿ ಬಂದೂಕು ಕೊಳ್ಳೋರ ಫೆಡರಲ್ ಫಾರ್ಮ್ 4473 ತುಂಬೋವಾಗ ಆ ಲೈಸೆನ್ಸ್, ಐ-94 (ದೇಶದೊಳಗೆ ಬಂದ ದಾಖಲೆ) ನಂಬರ್, ಈಗಿನ ವಿಳಾಸ ಇರೋ ಐಡಿ ಮೂರೂ ಬೇಕು. ಅಪಾರ್ಟ್‌ಮೆಂಟ್ ಬದಲಾಯಿಸಿ ಡ್ರೈವಿಂಗ್ ಲೈಸೆನ್ಸ್ ಅಪ್‌ಡೇಟ್ ಮಾಡಿಸದೇ ಹೋದೋರು ಕೌಂಟರಿಂದ ಹಾಗೇ ವಾಪಸ್ ಬಂದಿರೋದನ್ನ ಎಷ್ಟೋ ಸಲ ನೋಡಿದೀನಿ.

ಎಲ್ಲರೂ ಬೀಳೋ ಹಳ್ಳ ಇದಕ್ಕಿಂತ ಮುಂದಿದೆ. ಟೆಕ್ಸಾಸ್ ಹಂಟಿಂಗ್ ಲೈಸೆನ್ಸ್ ತಗೊಂಡ ದಿನದಿಂದ ಒಂದು ವರ್ಷ ಅಲ್ಲ, ಯಾವಾಗ ತಗೊಂಡ್ರೂ ಆಗಸ್ಟ್ 31ಕ್ಕೆ ಮುಗಿಯುತ್ತೆ. ಜೂನಲ್ಲಿ ದುಡ್ಡು ಕೊಟ್ಟು ತಗೊಂಡು ಮುಂದಿನ ಜೂನ್‌ವರೆಗೂ ಚಿಂತೆ ಇಲ್ಲ ಅಂದ್ಕೊಂಡ್ರೆ, ಸೆಪ್ಟೆಂಬರ್ 1ರ ಬೆಳಗ್ಗೆ ಎದ್ದಾಗ ನಿಮ್ಮ ಮನೆ ಕಪಾಟಲ್ಲಿರೋ ರೈಫಲ್ಲೇ ಅಪರಾಧ, ನೀವು ಅದನ್ನ ಮುಟ್ಟದೇ ಇದ್ರೂ. ಶಿಕ್ಷೆ 15 ವರ್ಷದವರೆಗೆ ಜೈಲು, ಅದರ ಮೇಲೆ ಗಡೀಪಾರು. ಇದನ್ನ ನೆನಪಿಸೋಕೆ ಯಾವ ಆಫೀಸಿಂದಲೂ ಕಾಗದ ಬರಲ್ಲ. ಹೊಸ ಲೈಸೆನ್ಸ್ ಆಗಸ್ಟ್ 15ರಿಂದಲೇ ಸಿಗುತ್ತೆ, ಅವತ್ತೇ ತಗೊಂಡುಬಿಡಿ. ನನಗೆ ಗೊತ್ತಿರೋ ಒಬ್ರು ಅಕ್ಟೋಬರಲ್ಲಿ ಎರಡನೇ ರೈಫಲ್ ತಗೊಳ್ಳೋಕೆ ಹೋದಾಗ ಅಂಗಡಿಯವನು ಲೈಸೆನ್ಸ್ ತಿರುಗಿಸಿ ತಾರೀಕು ತೋರಿಸಿದ್ದ, ಅಲ್ಲಿವರೆಗೂ ಅವರಿಗೆ ಏನೂ ಗೊತ್ತಿರಲಿಲ್ಲ, ಪುಣ್ಯಕ್ಕೆ ಅಲ್ಲಿಗೇ ಮುಗೀತು.

ಗ್ರೀನ್‌ಕಾರ್ಡ್ ಇರೋ ಗೆಳೆಯನ ಹೆಸರಲ್ಲಿ ತಗೊಳ್ಳೋ ಐಡಿಯಾನಂತೂ ಬಿಟ್ಟೇಬಿಡಿ, ನೀವೂ ಸಿಕ್ಕಿಹಾಕ್ಕೋತೀರ ಅವರನ್ನೂ ಸಿಕ್ಕಿಸ್ತೀರ. ಹೆಂಡ್ತಿ ಎಚ್-4ನಲ್ಲಿದ್ರೆ ಅವರಿಗೂ ಬೇರೆ ಲೈಸೆನ್ಸ್ ಬೇಕು, ಇಲ್ಲಾಂದ್ರೆ ರೇಂಜಲ್ಲಿ ಒಂದು ಗುಂಡು ಹೊಡೆಯೋಕೂ ಕೊಡಬೇಡಿ. ಊರಲ್ಲಿ ಡಿಸಿ ಆಫೀಸಿಗೆ ಅಲೆದು ಅಲೆದು ಲೈಸೆನ್ಸ್ ತಗೊಂಡೋರು ಇಲ್ಲಿನ ಬ್ಯಾಕ್‌ಗ್ರೌಂಡ್ ಚೆಕ್ ಎಷ್ಟು ಬೇಗ ಮುಗೀತು ಅಂತ ಹೊಗಳ್ತಾರೆ, ನನಗೆ ಈ ವಿಷಯದಲ್ಲಿ ನಮ್ಮೂರ ಪದ್ಧತಿನೇ ವಾಸಿ. ಅಲ್ಲಿ ಒಂದೇ ಪುಸ್ತಕ, ಅದರಲ್ಲೇ ಕೋವಿ, ಅದರಲ್ಲೇ ತಾರೀಕು. ಹಂಟರ್ ಎಜುಕೇಶನ್ ಕೋರ್ಸ್ ಮಾತ್ರ ಇಲ್ಲಿನದು ನಿಜಕ್ಕೂ ಚೆನ್ನಾಗಿದೆ. 1971ರ ಸೆಪ್ಟೆಂಬರ್ 2ರಿಂದೀಚೆಗೆ ಹುಟ್ಟಿದೋರಿಗೆ ಬೇಟೆಯಾಡೋಕೆ ಇದು ಕಡ್ಡಾಯ, ದೊಡ್ಡೋರು ಆನ್‌ಲೈನಲ್ಲೇ ಮುಗಿಸಬಹುದು, ಆದ್ರೆ ದಯವಿಟ್ಟು ಓದಿ ಮುಗಿಸಿ.

ಈಗ ಕ್ಯಾಲಿಬರ್. ಮೊದಲ ರೈಫಲ್ .22 ಲಾಂಗ್ ರೈಫಲ್, ಇದರಲ್ಲಿ ನನಗೆ ಎರಡು ಮಾತಿಲ್ಲ. ಗುಂಡು ಎಲ್ಲಕ್ಕಿಂತ ಅಗ್ಗ, ಒದೆತ ಅನ್ನೋದೇ ಗೊತ್ತಾಗಲ್ಲ, 50 ಗಜಕ್ಕೆ ಪೇಪರ್ ಟಾರ್ಗೆಟ್ ಹಾಕ್ಕೊಂಡು ಉಸಿರು, ಟ್ರಿಗರ್ ಎರಡನ್ನೂ ಕಲೀಬಹುದು, ಮೊಲಕ್ಕೂ ಸಾಕು. 2002ರಲ್ಲಿ ಬಂದ .17 ಎಚ್‌ಎಂಆರ್ ಚೆಂದದ ಗುಂಡು, 150 ಗಜದವರೆಗೂ ನೆಟ್ಟಗೆ ಹೋಗುತ್ತೆ, ಆದ್ರೆ 17 ಗ್ರೇನ್ (ಗುಂಡಿನ ತೂಕದ ಅಳತೆ) ತೂಗೋ ಆ ಪುಟ್ಟ ಗುಂಡನ್ನ ಪಶ್ಚಿಮ ಟೆಕ್ಸಾಸಿನ ಗಾಳಿ ಎಲ್ಲಿಗೋ ಒಯ್ಯುತ್ತೆ.

ಕಯೋಟಿ (ನರಿಯಂಥ ಪ್ರಾಣಿ), ಪ್ರೇರಿ ಡಾಗ್ (ಬಿಲ ತೋಡೋ ಅಳಿಲಿನ ಜಾತಿ) ಹೊಡೆಯೋಕೆ .223 ರೆಮಿಂಗ್ಟನ್. 55 ಗ್ರೇನ್ ಗುಂಡು ಸೆಕೆಂಡಿಗೆ 3,200 ಅಡಿ ವೇಗದಲ್ಲಿ ಹೋಗುತ್ತೆ, 250 ಗಜಕ್ಕೆ ಧಾರಾಳ, ಒದೆತ .308ರ ಕಾಲು ಭಾಗದ ಆಸುಪಾಸು. ಹೊಡೆದ ಮೇಲೂ ಸ್ಕೋಪಲ್ಲಿ ಗುಂಡು ಎಲ್ಲಿ ಬಿತ್ತು ಅಂತ ಕಾಣುತ್ತಲ್ಲ, ಕಲಿಯೋರಿಗೆ ಅದಕ್ಕಿಂತ ಬೇರೆ ಮೇಷ್ಟ್ರು ಬೇಡ. .22-250 ಇನ್ನೂ ವೇಗ, ಆದ್ರೆ ಪ್ರೇರಿ ಡಾಗ್ ಬಯಲಲ್ಲಿ ಒಂದೇ ಸಮನೆ ಹೊಡೆದ್ರೆ ನಳಿಗೆ ಬೇಗ ಕಾಯುತ್ತೆ, ಬೇಗ ಸವೆಯುತ್ತೆ. ಜಿಂಕೆಗೂ ಅದೇ ರೈಫಲ್ ಆಗಲಿ ಅನ್ನೋರು .243 ನೋಡಿ, ಒದೆತ .223ಕ್ಕಿಂತ ಜಾಸ್ತಿ, ಆದ್ರೂ .308ರಷ್ಟಿಲ್ಲ.

.223 ತಗೊಳ್ಳೋವಾಗ ನಳಿಗೆ ಮೇಲೆ ಬರೆದಿರೋ ಟ್ವಿಸ್ಟ್ ನೋಡ್ಲೇಬೇಕು, ಅಂದ್ರೆ ಒಳಗಿನ ಸುರುಳಿ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತೆ ಅನ್ನೋದು. ಬುಗುರಿ ಥರಾನೇ, ಉದ್ದದ ಗುಂಡು ನೆಟ್ಟಗೆ ನಿಲ್ಲೋಕೆ ಜಾಸ್ತಿ ಸುತ್ತಬೇಕು. 1:12 (12 ಇಂಚಿಗೆ ಒಂದು ಸುತ್ತು) ಇದ್ರೆ 55 ಗ್ರೇನ್‌ವರೆಗೆ ಸರಿ, 69, 77 ಗ್ರೇನಿನ ಟಾರ್ಗೆಟ್ ಗುಂಡು ಹಾಕಿದ್ರೆ ಪೇಪರಲ್ಲಿ ಅಡ್ಡಡ್ಡ ತೂತು ಬೀಳುತ್ತೆ. ಎರಡೂ ಬೇಕು ಅಂದ್ರೆ 1:8 ತಗೊಳ್ಳಿ. 5.56 ಅಂತ ಬರೆದಿರೋ, ನೋಡೋಕೆ ಹಾಗೇ ಇರೋ ಮಿಲಿಟರಿ ಅಳತೆಯ ಗುಂಡನ್ನ ಬರೀ .223 ಅಂತ ಕೊರೆದಿರೋ ನಳಿಗೆಗೆ ಹಾಕ್ಬೇಡಿ, ಪ್ರೆಶರ್ ಜಾಸ್ತಿ.

ಬಯಲಿಗೆ ಫುಲ್ ಮೆಟಲ್ ಜಾಕೆಟ್ (ಲೋಹದ ಹೊದಿಕೆ ಇರೋ) ಗುಂಡು ಒಯ್ಯಬೇಡಿ, ಗಟ್ಟಿ ನೆಲಕ್ಕೆ ತಾಗಿ ಹಾರುತ್ತೆ, ಚಿಕ್ಕ ಪ್ರಾಣಿಗಂತ ಮಾಡೋ ವಾರ್ಮಿಂಟ್ ಗುಂಡು ತಾಗಿದಲ್ಲೇ ಪುಡಿಯಾಗುತ್ತೆ. ಅಗ್ಗ ಅಂತ ಸ್ಟೀಲ್ ಇರೋ ಗುಂಡನ್ನ ಪೆಟ್ಟಿಗೆಗಟ್ಟಲೆ ತರಿಸೋಕೆ ಮುಂಚೆ ನಿಮ್ಮ ರೇಂಜಲ್ಲಿ ಕೇಳಿ, ಬಹಳ ಇಂಡೋರ್ ರೇಂಜಲ್ಲಿ ಬಾಗಿಲಲ್ಲೇ ಗುಂಡಿನ ತುದಿಗೆ ಮ್ಯಾಗ್ನೆಟ್ ಇಟ್ಟು ನೋಡ್ತಾರೆ, ಅಂಟಿದ್ರೆ ಒಳಗೆ ಬಿಡಲ್ಲ.