ಮುದ್ದೆ ಹೋಗಿ ಗುಂಡು ಬಂತು: ಕರ್ಕ್ಯುಮಿನ್ ಜೊತೆ ನನ್ನ ಎರಡು ವರ್ಷ

"ಇವು ಸ್ಫಿಯರ್ ಅಲ್ಲ, ಮುದ್ದೆ." ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ನಮ್ಮ ಮೇಡಂ ಹೇಳಿದ್ದರು. ಸಿಟ್ಟು ಬಂತು, ಆದರೆ ಮಾತು ನಿಜ. ಸ್ಫಿಯರ್ ಅಂದರೆ ಒಂದೇ ಸ್ಟೆಮ್ ಸೆಲ್ (ಕ್ಯಾನ್ಸರನ್ನು ಮತ್ತೆ ಹುಟ್ಟಿಸಬಲ್ಲ ಮೂಲ ಕೋಶ) ಬೆಳೆದು ಕಟ್ಟಿದ ಗುಂಡು; ಬೇರೆ ಬೇರೆ ಕೋಶ ಅಂಟಿಕೊಂಡರೆ ಅದು ಬರೀ ಮುದ್ದೆ. ಮಿಲಿಗೆ ಇಪ್ಪತ್ತು ಸಾವಿರ ಹೀಲಾ ಕೋಶ (ಲ್ಯಾಬಿನಲ್ಲಿ ಬೆಳೆಸುವ ಗರ್ಭಕಂಠ ಕ್ಯಾನ್ಸರ್ ಕೋಶ) ಸುರಿದರೆ ಅವು ಅಂಟಿಕೊಳ್ಳದೆ ಇನ್ನೇನು ಮಾಡುತ್ತವೆ? ಆ ಮುದ್ದೆಗಳಿಗೇ ಅರಿಶಿನದ ಹಳದಿ ವಸ್ತುವಾದ ಕರ್ಕ್ಯುಮಿನ್ ಹಾಕಿ, ಗರ್ಭಕಂಠ ಕ್ಯಾನ್ಸರಿನ ಸ್ಟೆಮ್ ಸೆಲ್ ಸತ್ತವು ಅಂತ ಗ್ರಾಫ್ ಬರೆದಿದ್ದೆ. ಆರು ತಿಂಗಳು ನೀರಲ್ಲಿ ಹೋಮ.

ದುಡ್ಡೂ ಕರಗಿತ್ತು. ಕೋಶ ಅಂಟದ ಪ್ಲೇಟ್ ಒಂದಕ್ಕೆ ಎರಡು ಸಾವಿರದ ಹತ್ತಿರ. ಕೋಶ ಬೆಳೆಸುವ ಪೋಷಕಗಳಾದ ಬಿ27, ಇಜಿಎಫ್, ಎಫ್‌ಜಿಎಫ್ ಸೇರಿ ಐವತ್ತು ಸಾವಿರ ದಾಟಿತ್ತು. ಕೊನೆಗೆ ಸಾದಾ ಪ್ಲೇಟಿಗೆ ನಾನೇ ಪಾಲಿ-ಹೀಮಾ (ಕೋಶ ಅಂಟದಂತೆ ಮಾಡುವ ಲೇಪ) ಬಳಿದೆ. ಮೊದಲ ಸಲ ಪದರ ಒಣಗಿದ ಕೆರೆಯಂತೆ ಬಿರುಕು ಬಿಟ್ಟಿತು. ಬಿರುಕಿನಲ್ಲೆಲ್ಲ ಕೋಶಗಳು ಬೇರೂರಿ ಕೂತವು. ಒಣಗಿಸುವ ಶಾಖದಲ್ಲಿ ಒಂದು ಗುಟ್ಟಿದೆ, ಅದು ನನ್ನ ಜೂನಿಯರ್‌ಗೆ ಮಾತ್ರ. ಈಗ ಪ್ಲೇಟಿಗೆ ಇನ್ನೂರು ರೂಪಾಯಿಯೂ ಬೀಳುವುದಿಲ್ಲ.

ಮಿಲಿಗೆ ಸಾವಿರ ಕೋಶಕ್ಕೆ ಇಳಿಸಿದೆ. ಬಿಡಿ ಕೋಶಗಳೇ ಇಳಿಯಲಿ ಅಂತ 40 ಮೈಕ್ರಾನ್ ಜರಡಿ ಹಿಡಿದೆ. ಐದು ದಿನ ಪ್ಲೇಟ್ ಮುಟ್ಟಲಿಲ್ಲ, ಇನ್‌ಕ್ಯುಬೇಟರ್ ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಏಳನೇ ದಿನ ನೋಡಿದರೆ ಅಂಚು ನುಣ್ಣಗಿರುವ, ಒಳಗೆ ಕೋಶದ ಗೆರೆಯೇ ಕಾಣದ ಗುಂಡುಗಳು. ಬೆಂದ ಸಾಬೂದಾನಿ ಇದ್ದ ಹಾಗೆ!

ಗಿಡದ ಬಣ್ಣದ ವಸ್ತು ಹಿಡಿದವರಿಗೆ ಒಂದು ಮಾತು: ಎಂಟಿಟಿಯನ್ನು (ಬದುಕಿದ ಕೋಶ ಹಳದಿ ಬಣ್ಣವನ್ನು ನೇರಳೆ ಮಾಡುವ ಪರೀಕ್ಷೆ) ನಂಬಿ ಕೆಡಬೇಡಿ. ಕೋಶವೇ ಇಲ್ಲದ ಪ್ಲೇಟಿನ ಗುಳಿಯಲ್ಲೂ ಪಾಲಿಫಿನಾಲ್‌ಗಳು (ಕರ್ಕ್ಯುಮಿನ್‌ನಂಥ ಗಿಡದ ವಸ್ತುಗಳು) ಅದನ್ನು ನೇರಳೆ ಮಾಡುತ್ತವೆ. ಸ್ಟೆಮ್ ಸೆಲ್‌ಗಳನ್ನು ಹಸಿರು ಹೊಳಪಿನಿಂದ ಗುರುತಿಸುವ ಆಲ್ಡೆಫ್ಲೋರ್ ಪರೀಕ್ಷೆ ಇನ್ನೂ ತಮಾಷೆ. ಕರ್ಕ್ಯುಮಿನ್ ತಾನೇ ಹಸಿರಾಗಿ ಹೊಳೆಯುತ್ತದಲ್ವಾ, ಮದ್ದು ಹೆಚ್ಚಿಸಿದಷ್ಟೂ ಸ್ಟೆಮ್ ಸೆಲ್ ಜಾಸ್ತಿ ಅಂತ ಯಂತ್ರ ತೋರಿಸಿತು. ಮೂರು ದಿನ ಊಟ ಸೇರಲಿಲ್ಲ.

ಆಮೇಲೆ ಬರೀ ಎಣಿಕೆಗೆ ಬಂದೆ. ಗುಂಡುಗಳಿಗೆ 15 ಮೈಕ್ರೋಮೋಲಾರ್ (ದ್ರವದ ಸಾಂದ್ರತೆಯ ಅಳತೆ) ಕರ್ಕ್ಯುಮಿನ್ ಕೊಟ್ಟು, ಬಿಡಿಸಿ, ಬದುಕಿದ ಕೋಶಗಳನ್ನು ಅಷ್ಟಷ್ಟೇ ಎಣಿಸಿ ಮದ್ದಿಲ್ಲದ ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವ) ಮತ್ತೆ ಬಿತ್ತಿದೆ. ಬರೀ ಡಿಎಂಎಸ್‌ಒ (ಮದ್ದು ಕರಗಿಸುವ ದ್ರವ) ಕಂಡವು ನೂರರ ಹತ್ತಿರ ಗುಂಡು ಕಟ್ಟಿದವು, ಕರ್ಕ್ಯುಮಿನ್ ಕಂಡವು ಮೂವತ್ತೋ ಮೂವತ್ತೈದೋ. ಸಿಹಾ ಎಂಬ ಇನ್ನೊಂದು ಬಗೆಯ ಗರ್ಭಕಂಠ ಕ್ಯಾನ್ಸರ್ ಕೋಶಗಳಲ್ಲಿ ಇಳಿತ ಇಷ್ಟಿಲ್ಲ. ಮೂರು ಸಲವೂ ಇದೇ ಕಥೆ. ಮೇಡಂ ತಾವೇ ಕೂತು ಎಣಿಸಿದರು, ನನಗಿಂತ ಎರಡು ಕಡಿಮೆ ಬಂತು. ಏನೂ ಅನ್ನದೆ ಎದ್ದು ಹೋದರು. ಅವರ ಮಟ್ಟಿಗೆ ಅದೇ ಶಹಬ್ಬಾಸ್‌ಗಿರಿ.

ನಡುವೆ ಪುನರ್ಪುಳಿ ಹುಚ್ಚೂ ಹಿಡಿದಿತ್ತು. ಅದರ ಗಾರ್ಸಿನಾಲ್ ಹಿಸ್ಟೋನ್ ಅಸಿಟೈಲ್ ಟ್ರಾನ್ಸ್‌ಫರೇಸನ್ನು (ಜೀನ್‌ಗಳನ್ನು ಚಾಲೂ ಮಾಡಲು ನೆರವಾಗುವ ಕಿಣ್ವ) ತಡೆಯುತ್ತದೆಂದು ಬೆಂಗಳೂರಿನ ಜೆಎನ್‌ಸಿಎಎಸ್‌ಆರ್ ಸಂಶೋಧನಾ ಸಂಸ್ಥೆಯವರು 2004ರಲ್ಲೇ ತೋರಿಸಿದ್ದರು. ಶುದ್ಧ ಗಾರ್ಸಿನಾಲ್ ಕೊಳ್ಳಲು ಕಾಸಿಲ್ಲದೆ ಮನೆಯ ಒಣ ಸಿಪ್ಪೆಯ ರಸವನ್ನೇ ಹಾಕಿದೆ. ಎಲ್ಲ ಕೋಶ ಸತ್ತವು. ಕುಣಿದಾಡುವ ಹೊತ್ತಿಗೆ, ಹುಳಿಯಾದರೆ ಬಣ್ಣ ಬದಲಿಸುವ ಮೀಡಿಯಾ ನಿಂಬೆ ಹಳದಿಯಾಗಿದ್ದು ಕಣ್ಣಿಗೆ ಬಿತ್ತು. ಸತ್ತದ್ದು ಹುಳಿಗೆ!

ಊರಿಗೆ ಹೋದರೆ "ಹಾಗಾದ್ರೆ ಅರಿಶಿನ ಹಾಲು ಕುಡಿದ್ರೆ ಸಾಕಾ?" ಅಂತ ಕೇಳುತ್ತಾರೆ. ಸಾಕಾಗಲ್ಲ. 2001ರ ತೈವಾನ್ ಪ್ರಯೋಗದಲ್ಲಿ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲೂ ಸರಾಸರಿ 2 ಮೈಕ್ರೋಮೋಲಾರ್ ಮುಟ್ಟಲಿಲ್ಲ. ನಾನು ಹಾಕಿದ್ದು 15. ಅದಕ್ಕೇ ಗರ್ಭಕಂಠಕ್ಕೆ ನೇರ ಹಚ್ಚುವ ಜೆಲ್ ಮಾಡಲು ಕೂತಿದ್ದೇನೆ. ಮೊದಲ ಬ್ಯಾಚ್ ಫ್ರಿಜ್‌ನಲ್ಲಿದೆ, ತಳದಲ್ಲೆಲ್ಲ ಕರಗದೆ ಕೂತ ಹಳದಿ ಮರಳು.