ಹುಲಿಪಟ್ಟೆ ಅಂಗಿ ಮತ್ತು ನಾಲ್ಕು ಎತ್ತು

ಮೊದಲ ಗೊಂಬೆ ಸಿಪಾಯಿಗೆ ಬಣ್ಣ ಹಚ್ಚೋಕೆ ಆರು ಗಂಟೆ ಹಿಡಿಯಿತು. ನಾಲ್ಕು ರಾತ್ರಿ, ದಿನಕ್ಕೆ ಒಂದೂವರೆ ಗಂಟೆ. ಆಳು ಎಷ್ಟು ಎತ್ತರ ಅಂದರೆ ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು, 28 ಮಿಲಿಮೀಟರ್. ಮುಗಿಸಿ ದೀಪದ ಕೆಳಗೆ ಹಿಡಿದು ನೋಡಿದಾಗ ಖುಷಿಯೋ ಖುಷಿ. ಆಮೇಲೆ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಇಂಥವರು ಇನ್ನೂ 35 ಜನ ಇದ್ದರು. 36 ಜನಕ್ಕೆ 216 ಗಂಟೆ, ಅಂದರೆ 144 ರಾತ್ರಿ. ನನ್ನ ಹತ್ತಿರ ಇದ್ದದ್ದು ಒಟ್ಟು 92 ದಿನ, ಅದರಲ್ಲಿ ನಾಲ್ಕು ಆಗಲೇ ಖರ್ಚಾಗಿತ್ತು.

ವಿಷಯ ಏನಪ್ಪಾ ಅಂದರೆ, ಬೆಂಗಳೂರಿನಲ್ಲಿ ನಾವು ಆರು ಜನ ಗೆಳೆಯರು ತಿಂಗಳಿಗೊಂದು ಭಾನುವಾರ ಸೇರಿ ವಾರ್‌ಗೇಮ್ ಆಡುತ್ತೇವೆ. ಟೇಬಲ್ ಮೇಲೆ ಗುಡ್ಡ, ಹಳ್ಳ, ಬೇಲಿ ಜೋಡಿಸಿ, ಟೇಪು ಹಿಡಿದು ಅಳೆದು ಪಡೆ ನಡೆಸೋದು, ದಾಳ ಉರುಳಿಸಿ ಗುಂಡು ತಾಗಿತೋ ಇಲ್ಲವೋ ನೋಡೋದು. ಈ ಆಟದ ಸೈನಿಕರು ಬಣ್ಣ ಇಲ್ಲದೆ ಬರುತ್ತಾರೆ, ಹಚ್ಚಿಕೊಳ್ಳುವುದು ನಮ್ಮ ಪಾಡು. ಆದ್ದರಿಂದ ನಮ್ಮೆಲ್ಲರ ಮನೆಯಲ್ಲೂ ಬಣ್ಣ ಕಾಣದ ಬೂದು ಗೊಂಬೆಗಳ ಡಬ್ಬಿಗಳು ಅಟ್ಟ ಸೇರಿವೆ. ಇದಕ್ಕೆ ಒಂದು ಗತಿ ಕಾಣಿಸೋಣ ಅಂತ ಒಂದು ಪಂದ್ಯ ಇಟ್ಟುಕೊಂಡೆವು. ಪ್ರತಿಯೊಬ್ಬರೂ ತಮ್ಮ ಗುರಿ ತಾವೇ ಹೇಳಬೇಕು. ಕಾಲಾಳಿಗೆ 5 ಅಂಕ, ಕುದುರೆ ಸವಾರನಿಗೆ 10, ಫಿರಂಗಿಗೆ 10, ಎತ್ತು-ಗಿತ್ತು ಇದ್ದರೆ ಒಂದಕ್ಕೆ 5. ಗೊಂಬೆ ನಿಲ್ಲುವ ಬುಡದ ಮೇಲೆ ಮಣ್ಣು-ಹುಲ್ಲು ಎಲ್ಲ ಅಂಟಿಸಿ ಪೂರ್ತಿ ಮುಗಿದಿದ್ದರೆ ಮಾತ್ರ ಲೆಕ್ಕ. ಗುರಿ ಮುಟ್ಟದವರು ಎಲ್ಲರಿಗೂ ಊಟ ಹಾಕಿಸಬೇಕು.

ಹಿಮ ಬೀಳುವ ದೇಶಗಳಲ್ಲಿ ಇಂಥ ಪಂದ್ಯ ಚಳಿಗಾಲದಲ್ಲಿ ನಡೆಯೋದುಂಟು. ಹೊರಗೆ ಹಿಮ, ಒಳಗೆ ಬಣ್ಣ. ನಾವು ಬುದ್ಧಿವಂತರು, ಹೇಗೂ ಮಳೆಗಾಲದಲ್ಲಿ ಮನೆಯಲ್ಲೇ ಇರ್ತೀವಲ್ಲ ಅಂತ ಜೂನ್ 1ರಿಂದ ಆಗಸ್ಟ್ 31 ಅಂತ ಗೊತ್ತುಮಾಡಿದೆವು. ಹಸಿ ಗಾಳಿಗೂ ಬಣ್ಣದ ಸ್ಪ್ರೇ ಡಬ್ಬಿಗೂ ಆಗಿಬರಲ್ಲ ಅನ್ನೋದು ಆರು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮುಂದೆ ಆಡಬೇಕಾಗಿದ್ದ ಆಟ 1792ರ ಫೆಬ್ರುವರಿ 6ರ ರಾತ್ರಿಯದು. ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊರಗಿದ್ದ ಟಿಪ್ಪುವಿನ ಪಾಳೆಯದ ಮೇಲೆ ಕತ್ತಲಲ್ಲಿ ನುಗ್ಗಿದ್ದು. ಕೆಂಪು ಕೋಟಿನ ಇಂಗ್ಲಿಷ್ ಪಡೆಯನ್ನು ಇನ್ನೊಬ್ಬ ಗೆಳೆಯ ವಹಿಸಿಕೊಂಡ. ಮೈಸೂರಿನ ಕಡೆ ನನ್ನದು. ಗುಂಪಿನಲ್ಲೇ ಒಬ್ಬನ ಮನೆಯಲ್ಲಿ ಪ್ಲಾಸ್ಟಿಕ್ಕಿನಂಥ ರೆಸಿನ್‌ನಲ್ಲಿ ಗೊಂಬೆ ಅಚ್ಚು ಮಾಡುವ 3ಡಿ ಪ್ರಿಂಟರ್ ಇದೆ, ಅವನು ಗೊಂಬೆಗಳ ಫೈಲ್ ಕೊಂಡು ಎಲ್ಲವನ್ನೂ ಪ್ರಿಂಟ್ ಮಾಡಿಕೊಟ್ಟ: 36 ಸಿಪಾಯಿಗಳು, 8 ಜನ ರಾಕೆಟ್‌ನವರು, 2 ಫಿರಂಗಿ, ಫಿರಂಗಿ ಹೊಡೆಯುವ 8 ಜನ ಗೋಲಂದಾಜರು, 4 ಎತ್ತು. ಕೂಡಿದರೆ ಸರಿಯಾಗಿ 300 ಅಂಕ. ಬಾಯಿಬಿಟ್ಟು 300 ಅಂದುಬಿಟ್ಟೆ.

ಈಗ ಆ ಆರು ಗಂಟೆ ಎಲ್ಲಿ ಹೋಯಿತು ಅಂತ ಹೇಳುತ್ತೇನೆ. ಅಂಗಿಯಲ್ಲಿ ಹೋಯಿತು. ಟಿಪ್ಪುವಿನ ಕಾಲಾಳುಗಳ ಅಂಗಿಯನ್ನು ಆ ಕಾಲದ ಇಂಗ್ಲಿಷರು ಹುಲಿ ಅಂಗಿ ಅಂತಲೇ ಕರೆದಿದ್ದಾರೆ. ನೇರಳೆ ಬಟ್ಟೆ, ಅದರ ಮೇಲೆ ವಜ್ರದಾಕಾರದ ಬಿಳಿ ಚುಕ್ಕೆಗಳು. ತಲೆಗೆ ಕೆಂಪು ಪೇಟ, ಸೊಂಟಕ್ಕೂ ಕೆಂಪು ಬಟ್ಟೆ, ಬರಿಗಾಲಿಗೆ ಚಪ್ಪಲಿ. ಓದಲಿಕ್ಕೆ ಚೆಂದ. ಆದರೆ ಬೆರಳಿನ ಗೆಣ್ಣಿನಷ್ಟು ದೊಡ್ಡ ಮನುಷ್ಯನ ಮೈಮೇಲೆ ಒಂದೊಂದೇ ಚುಕ್ಕೆ ಇಡೋದು, ಅದರ ಸುತ್ತ ಕಪ್ಪು ಗೆರೆ ಎಳೆಯೋದು, ಬಿಳಿ ಹರಿದು ಹೋದರೆ ನೇರಳೆಯಿಂದ ತಿದ್ದೋದು, ತಿದ್ದಿದ ಜಾಗದಲ್ಲಿ ಮತ್ತೆ ಚುಕ್ಕೆ, ಹೀಗೇ ಮಾಡಿ ಮೂರನೇ ರಾತ್ರಿ ಹನ್ನೊಂದು ಗಂಟೆಗೆ ನನಗೆ ಅಳು ಬರೋದೊಂದು ಬಾಕಿ. ಸಾಲದ್ದಕ್ಕೆ ಅವನಿಗೆ ಕಣ್ಣನ್ನೂ ಬರೆದೆ. ಬಿಳಿ, ನಡುವೆ ಕಪ್ಪು ಚುಕ್ಕೆ. ಯಕ್ಷಗಾನದ ರಾಕ್ಷಸ ರಂಗಕ್ಕೆ ಬಂದ ಹಾಗೆ ಕಾಣುತ್ತಿದ್ದ.

ಲೆಕ್ಕ ಹಾಕಿದ ಮೇಲೆ ಅವನನ್ನು ಊಟದ ಟೇಬಲ್ ಮೇಲೆ ನಿಲ್ಲಿಸಿ, ನಾನು ಆಡುವಾಗ ನಿಲ್ಲುವಷ್ಟು ದೂರ ಹೋಗಿ ನಿಂತೆ. ಸುಮಾರು ಮೂರು ಅಡಿ. ಕಣ್ಣು ಕಾಣಲಿಲ್ಲ. ಚುಕ್ಕೆಯ ಸುತ್ತಲಿನ ಕಪ್ಪು ಗೆರೆ ಕಾಣಲಿಲ್ಲ. ಕಂಡದ್ದು ಮೂರೇ: ಕೆಂಪು ಪೇಟ, ನೇರಳೆ ಮೈ, ಅದರ ಮೇಲೆ ಏನೋ ಬಿಳಿಬಿಳಿ. ಅಲ್ಲಿಂದ ಮುಂದೆ ಮಾಡಿದ್ದೆಲ್ಲ ಈ ಮೂರು ಅಡಿಗಾಗಿ.

ಮೊದಲು ಕೈ ಕೆಲಸದ ರೀತಿ ಬದಲಿಸಿದೆ. ಒಬ್ಬೊಬ್ಬನನ್ನೇ ಬಿಟ್ಟು ಆರಾರು ಜನ. ಸೋಡಾ ಬಾಟಲಿಯ ಮುಚ್ಚಳಕ್ಕೆ ಬ್ಲೂ ಟ್ಯಾಕ್ ಅನ್ನೋ ಮೆತ್ತನೆ ಅಂಟಿನಿಂದ ಅಂಟಿಸಿ ಸಾಲಾಗಿ ನಿಲ್ಲಿಸೋದು, ಒಂದು ಬಣ್ಣ ತೆಗೆದರೆ ಆರೂ ಜನಕ್ಕೆ ಹಚ್ಚಿ ಮುಗಿಸೋದು. ಆರನೆಯವನು ಮುಗಿಯುವಾಗ ಮೊದಲನೆಯವನು ಒಣಗಿರುತ್ತಾನೆ. ಹನ್ನೆರಡು ಜನ ಇಟ್ಟುಕೊಂಡೂ ನೋಡಿದೆ, ಬೇಜಾರಾಗಿ ಆಕಳಿಕೆ ಬಂತು. ಆರು ಸರಿ.

ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರದ ಕಥೆ ಬೇರೆ. ಜೂನ್ ಮಧ್ಯದಲ್ಲಿ ಜಿಟಿಜಿಟಿ ಮಳೆ ನಿಂತಿದ್ದ ಒಂದು ಸಂಜೆ ಬಾಲ್ಕನಿಯಲ್ಲಿ ಹನ್ನೆರಡು ಜನಕ್ಕೆ ಕಪ್ಪು ಸ್ಪ್ರೇ ಹೊಡೆದೆ. ಒಣಗಿದ ಮೇಲೆ ಮುಟ್ಟಿದರೆ ಉಪ್ಪಿಟ್ಟಿನ ರವೆ ಅಂಟಿಸಿದ ಹಾಗೆ ತರಿತರಿ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಆದಷ್ಟು ಇಳಿಸಿದೆ. ಆಮೇಲೆ ಸ್ಪ್ರೇ ಸಹವಾಸವೇ ಬೇಡ ಅಂತ ಕೈಯಲ್ಲಿ ಹಚ್ಚುವ ಪ್ರೈಮರ್ ತರಿಸಿದೆ. ನಿಧಾನ, ಆದರೆ ಮಳೆ ಬರಲಿ ಬಿಡಲಿ ಅದಕ್ಕೆ ಸಂಬಂಧ ಇಲ್ಲ.

ಕಪ್ಪು ಒಣಗಿದ ಮೇಲೆ, ದಪ್ಪ ಬ್ರಷ್ಷಿಗೆ ಸ್ವಲ್ಪ ಬೂದು ಬಣ್ಣ ತಗೊಂಡು, ಅದನ್ನು ಟಿಶ್ಯೂ ಮೇಲೆ ಒರೆಸಿ ಒರೆಸಿ ಇನ್ನೇನು ಬಣ್ಣವೇ ಇಲ್ಲ ಅನ್ನುವಾಗ ಗೊಂಬೆಯ ಮೇಲೆ ಮೇಲಿನಿಂದ ಸವರಬೇಕು. ಆಮೇಲೆ ಬಿಳಿಯಿಂದ ಇನ್ನೂ ಹಗುರವಾಗಿ. ಉಬ್ಬಿದ ಕಡೆ ಬಿಳಿ, ತಗ್ಗಿನಲ್ಲಿ ಕಪ್ಪು. ತಲೆಯ ಮೇಲೆ ಬಿಸಿಲು ಬಿದ್ದ ಹಾಗೆ ಆಗುತ್ತದೆ. ಇದರ ಮೇಲೆ ಪಾರದರ್ಶಕ ಬಣ್ಣ. ಇಂಥ ಗೊಂಬೆ, ಬಣ್ಣ ಮಾರುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯವರು 2019ರಲ್ಲಿ ಕಾಂಟ್ರಾಸ್ಟ್ ಅಂತ ಬಿಟ್ಟರಲ್ಲ, ಆ ಥರದ್ದು. ತಾನಾಗಿ ತಗ್ಗಿಗೆ ಹರಿದು ಅಲ್ಲಿ ಗಾಢವಾಗುತ್ತದೆ, ಉಬ್ಬಿನ ಮೇಲೆ ತೆಳುವಾಗಿ ಉಳಿಯುತ್ತದೆ. ಮಡಿಕೆ, ನೆರಳು, ಬೆಳಕು ಎಲ್ಲ ಒಂದೇ ಕೈಯಲ್ಲಿ. ನೇರಳೆ ಅಂಗಿ ಆರು ಜನಕ್ಕೆ ಇಪ್ಪತ್ತು ನಿಮಿಷದಲ್ಲಿ ಆಯಿತು. ಕೆಲವರು ಇದನ್ನು ಕಳ್ಳದಾರಿ ಅನ್ನುತ್ತಾರೆ. ಅನ್ನಲಿ. ಅವರ ಸೈನ್ಯ ಇನ್ನೂ ಅಟ್ಟದ ಮೇಲಿದೆ.

ಚುಕ್ಕೆಗೆ ಮೂರು ಬದಲಾವಣೆ. ಅಚ್ಚ ಬಿಳಿ ಬಿಟ್ಟು ದಂತದ ಬಣ್ಣ ತಗೊಂಡೆ, ಬಿಳಿ ಸುಣ್ಣದ ಹಾಗೆ ಎದ್ದು ಹೊಡೆಯುತ್ತಿತ್ತು. ಬಣ್ಣವನ್ನು ನೀರು ಮಜ್ಜಿಗೆ ಹದಕ್ಕೆ ತಂದೆ, ಮೊದಲು ದೋಸೆಹಿಟ್ಟಿನ ಹದದಲ್ಲಿ ಹಚ್ಚುತ್ತಿದ್ದೆ. ಮೂರನೆಯದೇ ದೊಡ್ಡದು: ಮೂರು ಸೊನ್ನೆಯ ಸಣ್ಣ ಬ್ರಷ್ ಎತ್ತಿಟ್ಟು ಒಂದನೇ ನಂಬರಿನ ಬ್ರಷ್ ಹಿಡಿದೆ. ಕೇಳೋಕೆ ವಿಚಿತ್ರ ಅಲ್ವಾ? ಸಣ್ಣ ಕೆಲಸಕ್ಕೆ ಸಣ್ಣ ಬ್ರಷ್ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅಷ್ಟು ಸಣ್ಣದರಲ್ಲಿ ಬಣ್ಣ ನಿಲ್ಲೋದೇ ಇಲ್ಲ, ಡಬ್ಬಿಯಿಂದ ಗೊಂಬೆಗೆ ಬರುವಷ್ಟರಲ್ಲಿ ತುದಿಯಲ್ಲೇ ಒಣಗಿಬಿಡುತ್ತದೆ. ಒಂದನೇ ನಂಬರಿನದಕ್ಕೆ ಹೊಟ್ಟೆ ಇದೆ, ತುದಿ ಚೂಪಾಗಿದ್ದರೆ ಸಾಕು. ಎದೆಗೆ ಮೂರು ಸಾಲು, ಬೆನ್ನಿಗೆ ನಾಲ್ಕು, ತೋಳಿನ ಹೊರಬದಿಗೆ ಒಂದಿಷ್ಟು. ಕಂಕುಳಲ್ಲಿ, ಪಟ್ಟಿಯ ಅಡಿಯಲ್ಲಿ ಯಾರೂ ನೋಡಲ್ಲ, ಅಲ್ಲಿ ಇಡಲೇ ಇಲ್ಲ. ಆರು ಜನ ನಾಲ್ಕು ರಾತ್ರಿಯಲ್ಲಿ ಮುಗಿದರು. ಮೊದಲು ಒಬ್ಬನಿಗೆ ಹಿಡಿದಿದ್ದ ಹೊತ್ತು ಅದು.

ಮೈಬಣ್ಣದ ಬಗ್ಗೆ ಒಂದು ಮಾತು. ಹೊರದೇಶದ ಡಬ್ಬಿಗಳಲ್ಲಿ ಮೈಬಣ್ಣ ಅಂತ ಬರೆದಿದ್ದು ಹೆಚ್ಚಾಗಿ ಗುಲಾಬಿಯೇ. ನಮ್ಮವರಿಗೆ ಅದು ಆಗದು. ಬರ್ಂಟ್ ಸಿಯೆನಾ ಅನ್ನೋ ಕೆಂಗಂದು ಬಣ್ಣಕ್ಕೆ ಸ್ವಲ್ಪ ಮಣ್ಣುಹಳದಿ ಓಕರ್ ಬೆರೆಸಿ, ಎಡಗೈ ಪಕ್ಕದಲ್ಲಿಟ್ಟು ಹೋಲಿಸುತ್ತ ನಾಲ್ಕು ಬೇರೆ ಬೇರೆ ಕಂದು ಮಾಡಿಕೊಂಡೆ. ಎಲ್ಲರಿಗೂ ಒಂದೇ ಹಚ್ಚಿದರೆ ಅಣ್ಣತಮ್ಮಂದಿರ ಪಡೆ ಕಂಡ ಹಾಗಿರುತ್ತದೆ. ನೆರಳಿಗೆ ಕಪ್ಪು ಹಾಕಬಾರದು, ಮಸಿ ಮೆತ್ತಿದ ಹಾಗಾಗುತ್ತದೆ. ಅಂಗಿಯ ನೇರಳೆಯನ್ನೇ ನೀರಾಗಿಸಿ ಕೆನ್ನೆಯ ಕೆಳಗೆ, ಹುಬ್ಬಿನ ಅಡಿಗೆ ಬಿಟ್ಟೆ. ಕಣ್ಣು ಬರೆಯುವ ಕೆಲಸವೂ ಅದರಲ್ಲೇ ಮುಗಿಯಿತು.

ಜುಲೈ ಕೊನೆಗೆ ಸಿಪಾಯಿಗಳೆಲ್ಲ ಮುಗಿದರು, 180 ಅಂಕ. ಅಷ್ಟರಲ್ಲಿ ಒಬ್ಬ ಗೆಳೆಯ ಪಂದ್ಯ ಬಿಟ್ಟಿದ್ದ, ಇನ್ನೊಬ್ಬ ವಾರ್‌ಹ್ಯಾಮರ್ ಅನ್ನೋ ಬೇರೆ ಆಟದ ಸೈನಿಕರಾದ ನೀಲಿ ಸ್ಪೇಸ್ ಮರೀನ್‌ಗಳನ್ನು ಇಡ್ಲಿ ಬೇಯಿಸಿದ ಹಾಗೆ ತಟ್ಟೆ ತಟ್ಟೆ ಇಳಿಸುತ್ತಿದ್ದ.

ರಾಕೆಟ್‌ನವರ ಸರದಿ ಬಂದಾಗ ಸ್ವಲ್ಪ ಹೊತ್ತು ಆಟವಾಡಿದೆ. ಕಾರ್ನ್‌ವಾಲಿಸ್ ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಅನ್ನುವ ಚಿತ್ರಕಾರ ಟಿಪ್ಪುವಿನ ರಾಕೆಟ್ ಸೈನಿಕನೊಬ್ಬನನ್ನು ಬರೆದಿದ್ದಾನೆ, ರಾಕೆಟ್ಟಿನ ಉದ್ದ ಗಳುವಿಗೇ ಬಾವುಟ ಕಟ್ಟಿಕೊಂಡು ನಿಂತವನು. ಅಂಥವನೊಬ್ಬ ನನ್ನಲ್ಲೂ ಇರಲಿ ಅನ್ನಿಸಿತು. ಪ್ರಿಂಟ್ ಆದ ರೆಸಿನ್ ಕಡ್ಡಿಗಳು ಎಂಟರಲ್ಲಿ ಐದು ಮುಟ್ಟಿದರೆ ಮುರಿದವು. ಎಲ್ಲ ಕಿತ್ತು ತೆಂಗಿನಗರಿ ಪೊರಕೆಯ ಕಡ್ಡಿ ಹಾಕಿದೆ, ಫೆವಿಕ್ವಿಕ್ ಒಂದು ಹನಿ. ಬಿದಿರಿನ ಗಳುವೇ ಅನ್ನಿಸಬೇಕು, ಹಾಗೆ ಕೂತಿತು.

ಆಮೇಲೆ ಕೊಳವೆಗೆ ತುಕ್ಕು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದರಲ್ಲ, ಅದರ ಫೋಟೋ ಮುಂದಿಟ್ಟುಕೊಂಡು ಕಿತ್ತಳೆ, ಕಂದು, ಕಡುಕಂದು ಸ್ಪಂಜಿನಲ್ಲಿ ಒತ್ತಿ ಒತ್ತಿ ಭಾರಿ ಸೊಗಸಾದ ತುಕ್ಕು ಮಾಡಿದೆ. ಮುಗಿಸಿ ಮಲಗಿದ ಮೇಲೆ ಹೊಳೆಯಿತು. ಇನ್ನೂರು ವರ್ಷ ಬಾವಿಯಲ್ಲಿ ಬಿದ್ದಿದ್ದಕ್ಕೆ ಅದಕ್ಕೆ ತುಕ್ಕು ಹಿಡಿದಿದೆ, ಇವರು ಹೊತ್ತುಕೊಂಡು ಹೊರಟಿರೋದು ಹೊಸದನ್ನಲ್ಲವಾ! ಎದ್ದು ಹೋಗಿ ಎಂಟಕ್ಕೂ ಕಡುಬೂದು ಕಬ್ಬಿಣದ ಬಣ್ಣ ಹೊಡೆದೆ. ಬೆಂಕಿ ಉಗುಳುವ ಬಾಯಿಯ ಹತ್ತಿರ ಮಾತ್ರ ಸ್ವಲ್ಪ ಮಸಿ.

ಎತ್ತುಗಳನ್ನು ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ಆಗಸ್ಟ್ ಎರಡನೇ ವಾರ ಕಡೂರಿನಿಂದ ಅಪ್ಪ ಬಂದಿದ್ದರು. ನಾನು ಬಣ್ಣ ಹಚ್ಚುತ್ತಿದ್ದಾಗ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತರು. ಸಿಪಾಯಿ, ಫಿರಂಗಿ ಯಾವುದಕ್ಕೂ ಮಾತಿಲ್ಲ. ಎತ್ತು ಕೈಗೆ ತಗೊಂಡರು.

"ಇದ್ಯಾವ ಊರಿನ ದನವೋ?"

"ಟಿಪ್ಪು ಸೈನ್ಯದ್ದು ಅಪ್ಪ. ಫಿರಂಗಿ ಎಳೆಯೋದು."

"ಹಂಗಾದ್ರೆ ಅಮೃತಮಹಲ್ ಅಲ್ವೇನೋ. ಹೆಸರಿಟ್ಟಿದ್ದೇ ಅವನು. ಕೆಂಚಗೆ ಬಳಿದಿದ್ದೀಯ. ಕೊಂಬು ನೋಡು, ಆಡಿಗಿದ್ದ ಹಾಗಿದೆ."

ಕಡೂರಿನ ಕಡೆಯವರಿಗೆ ಇದರಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳೋಕಾಗಲ್ಲ, ಅಜ್ಜಂಪುರದ ತಳಿ ಕೇಂದ್ರ ಅಲ್ಲೇ ಇದೆ. ಅಪ್ಪ ಹೇಳಿದ್ದು ಸರಿ. ಪ್ರಿಂಟ್ ಮಾಡಿದ ಫೈಲಿನಲ್ಲಿ ಇದ್ದದ್ದು ಯುರೋಪಿನ ಎತ್ತು, ಅಡ್ಡಕ್ಕೆ ಚಾಚಿದ ಗಿಡ್ಡ ಕೊಂಬು, ಹೆಗಲ ಮೇಲೆ ಹಿಣಿಲೇ ಇಲ್ಲ. ಅಮೃತಮಹಲ್‌ಗೆ ಉದ್ದ ಕೊಂಬು, ಬುಡದಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇಳುತ್ತವೆ, ತುದಿ ಕಪ್ಪು ಮತ್ತು ಚೂಪು. ಕೊಂಬು ಕತ್ತರಿಸಿ ತೂತು ಕೊರೆದು ಪೇಪರ್ ಕ್ಲಿಪ್ಪಿನ ತಂತಿ ಬಗ್ಗಿಸಿ ಕೂರಿಸಿದೆ, ಎಂಸೀಲ್‌ನಿಂದ ದಪ್ಪ ಮಾಡಿದೆ, ಹಿಣಿಲೂ ಅದರಲ್ಲೇ. ಅಪ್ಪ ಪಕ್ಕದಲ್ಲೇ ಕೂತು "ಇನ್ನೂ ಹಿಂದಕ್ಕೆ, ಇನ್ನೂ" ಅನ್ನುತ್ತಿದ್ದರು. ಬಣ್ಣ ಬೂದು, ಹೆಗಲ ಹತ್ತಿರ ಕಡು, ಮುಖದಲ್ಲಿ, ಗಂಗೆದೊಗಲಿನಲ್ಲಿ ಬಿಳಿ ಛಾಯೆ. ಎರಡು ಎತ್ತಿಗೆ ಒಂದು ವಾರ.

ಬುಡಕ್ಕೆ ಅಪ್ಪ ತಂದಿದ್ದ ತೆಂಗಿನ ಸಸಿಯ ಚೀಲದ ಕೆಮ್ಮಣ್ಣನ್ನೇ ಹಳೇ ಬಾಣಲೆಯಲ್ಲಿ ಹುರಿದು, ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ಫೆವಿಕಾಲ್ ಮೇಲೆ ಉದುರಿಸಿದೆ. ಹುಲ್ಲಿಗೆ ತೆಂಗಿನ ನಾರು. ಆ ಜರಡಿ ಈಗ ನನ್ನದು, ಹೆಂಡತಿ ಹೊಸದು ತಂದಳು.

ಆಗಸ್ಟ್ 29ಕ್ಕೆ ಕೊನೆಯ ಕೆಲಸ, ಹೊಳಪಿಲ್ಲದ ವಾರ್ನಿಷ್. ಟೈಮಿಲ್ಲ ಅಂತ ಮತ್ತೆ ಸ್ಪ್ರೇ ಡಬ್ಬಿಗೆ ಕೈ ಹಾಕಿದೆ. ಹೊರಗೆ ತುಂತುರು. ಹತ್ತು ನಿಮಿಷದಲ್ಲಿ ಹದಿನೆಂಟು ಜನ ಹುಲಿ ಅಂಗಿಯವರು ವಿಭೂತಿ ಬಳಿದುಕೊಂಡು ನಿಂತಿದ್ದರು. ಮೈಯೆಲ್ಲ ಬೂದಿ. ಮಂಡಿ ನಡುಗಿತು. ಗುಂಪಿನ ಹಿರಿಯನಿಗೆ ಫೋನ್ ಮಾಡಿದೆ. "ಗಾಬರಿ ಬೀಳಬೇಡ ಮಗಾ, ಹೊಳಪಿನ ವಾರ್ನಿಷ್ ಇದೆಯಾ? ಬ್ರಷ್ಷಲ್ಲಿ ಹಚ್ಚು" ಅಂದ. ಹಚ್ಚಿದ ಕಡೆ ಬೂದಿ ಮಾಯವಾಗಿ ನೇರಳೆ ಎದ್ದು ಬಂತು. ಎಲ್ಲರಿಗೂ ಹಚ್ಚಿ, ಒಣಗಿಸಿ, ಮೇಲೆ ಕೈಯಿಂದಲೇ ಹೊಳಪಿಲ್ಲದ್ದು ಹಚ್ಚುವಷ್ಟರಲ್ಲಿ 31ರ ರಾತ್ರಿ ಆಗಿತ್ತು. ಉಳಿದ ಎರಡು ಎತ್ತು ಕೊಂಬಿಲ್ಲದೆ, ಬಣ್ಣವಿಲ್ಲದೆ ಡಬ್ಬಿಯಲ್ಲೇ ಇದ್ದವು.

290. ಹತ್ತು ಅಂಕಕ್ಕೆ ಊಟ ಹಾಕಿಸಿದೆ. ಬಿಲ್ ನೋಡಿದಾಗ ಆ ದುಡ್ಡಿಗೆ ನಿಜವಾದ ಕರುವೇ ಬರುತ್ತಿತ್ತೇನೋ ಅನ್ನಿಸಿತು.

ಆಟದ ದಿನ ಮುಗಿದ ಎರಡು ಎತ್ತುಗಳ ಫೋಟೋ ಹತ್ತಿರದಿಂದ ತೆಗೆದು ಅಪ್ಪನಿಗೆ ಕಳಿಸಿದೆ. ಸಂಜೆ ಫೋನ್ ಬಂತು.

"ಕೊಂಬು ಪರವಾಗಿಲ್ಲ. ಮೂಗುದಾರ ಎಲ್ಲೋ?"

ಹೆಂಡತಿಯ ಹೊಲಿಗೆ ಡಬ್ಬಿಯಿಂದ ಬಿಳಿ ದಾರ ತೆಗೆದಿಟ್ಟಿದ್ದೇನೆ. ಟೀ ಡಿಕಾಕ್ಷನ್‌ನಲ್ಲಿ ನೆನೆಸಿದರೆ ಹಗ್ಗದ ಬಣ್ಣ ಬರುತ್ತದಂತೆ. ಇವತ್ತು ರಾತ್ರಿ ನೋಡಬೇಕು.